ಕೂತ್ಕೊಳ್ಳಿ, ತಿನ್ನಿ, ಏಳಿ! - ಹಾಂಗ್‌ಕಾಂಗ್ ಚಾ ಅಂಗಡಿಯ ಲೆಕ್ಕಾಚಾರ

ಹೋಟೆಲಿಗೆ ಬಂದ ಗಿರಾಕಿಗೆ ಮಾಣಿ ನಗುಮುಖ ತೋರಿಸಲೇಬೇಕೆ? ಬೇಕಾಗಿಲ್ಲ, ಬಿಸಿ ಚಹಾ ಬೇಗ ತಂದಿಟ್ಟರೆ ಸಾಕು ಎನ್ನುತ್ತಾರೆ ಹಾಂಗ್‌ಕಾಂಗಿನ ಜನ. ಅಲ್ಲಿನ ‘ಚಾ ಚಾನ್ ತೆಂಗ್’ ಎಂಬ ಅಗ್ಗದ ಹೋಟೆಲುಗಳಲ್ಲಿ ಮಾಣಿಗೆ ನಗಲು ಪುರಸೊತ್ತಿಲ್ಲ, ಗಿರಾಕಿಗೆ ಕಾಯಲು ಪುರಸೊತ್ತಿಲ್ಲ, ಊಟದ ಹೊತ್ತಿನಲ್ಲಿ ಮೇಜು ಖಾಲಿ ಬೀಳುವ ಮಾತೇ ಇಲ್ಲ. ಆದರೂ ಊರಿನ ದುಡಿಯುವ ಜನಕ್ಕೆ ಬೆಳಗಾಗುವುದೇ ಅಲ್ಲಿ. ಮನೆ ಬಾಡಿಗೆ, ಅಂಗಡಿ ಬಾಡಿಗೆ ಎರಡೂ ಆಕಾಶಕ್ಕೇರಿ ಕೂತಿರುವ ಊರಿನಲ್ಲಿ ಬಡವನ ತಿಂಡಿ ಇಷ್ಟು ವರ್ಷ ಹೇಗೆ ಬದುಕಿ ಬಂತು, ಇನ್ನು ಮುಂದೆ ಬದುಕೀತೆ ಎಂಬುದು ಗಲ್ಲಾ ಪೆಟ್ಟಿಗೆಯ ಮುಂದೆ ಕೂತವರೆಲ್ಲ ಕೇಳಬೇಕಾದ ಸಮಾಚಾರ.

ಹೆಸರಿನಲ್ಲೇ ಚಾ

ಹಾಂಗ್‌ಕಾಂಗ್ ಚೀನಾದ ದಕ್ಷಿಣ ಅಂಚಿನಲ್ಲಿದೆ. 1997ರ ತನಕ ಇಂಗ್ಲಿಷರ ಕೈಯಲ್ಲಿದ್ದ ಊರು. ಬೀಜಿಂಗಿನ ಭಾಷೆ ಬೇರೆ, ಇಲ್ಲಿನ ಜನ ಮನೆಯಲ್ಲಿ, ಪೇಟೆಯಲ್ಲಿ ಆಡುವ ಮಾತು ಬೇರೆ. ಅದು ಕ್ಯಾಂಟನೀಸ್. ಪಕ್ಕದ ಗ್ವಾಂಗ್‌ಝೌ ನಗರವನ್ನು ಇಂಗ್ಲಿಷರು ಕ್ಯಾಂಟನ್ ಎಂದು ಕರೆದರು. ಆ ಸೀಮೆಯ ಭಾಷೆಗೂ ಅಡುಗೆಗೂ ಅದೇ ಹೆಸರು ನಿಂತಿತು.

‘ಚಾ’ ಎಂದರೆ ಚಹಾ, ‘ಚಾನ್’ ಎಂದರೆ ಊಟ, ‘ತೆಂಗ್’ ಎಂದರೆ ಹಜಾರ. ಕನ್ನಡದವರು ಚಹಾ, ಚಾ ಎನ್ನುವ ಮಾತಿನ ಬೇರು ಚೀನೀ ಭಾಷೆಯಲ್ಲೇ ಇದೆ. ‘ಟೀ’ ಎಂಬುದೂ ಅಲ್ಲಿಂದಲೇ ಬಂದ ಮಾಲು. ಚೀನಾದ ಇನ್ನೊಂದು ಕರಾವಳಿ ಫುಜಿಯಾನ್ ಕಡೆಯ ಉಚ್ಚಾರ ಅದು. ಡಚ್ ವರ್ತಕರ ಹಡಗು ಹತ್ತಿ ಯೂರೋಪಿಗೆ ಹೋಗಿ, ಇಂಗ್ಲಿಷರ ಬಾಯಿಂದ ಭಾರತಕ್ಕೆ ಇಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ‘ಒಂದು ಟೀ ಕೊಡಪ್ಪ’ ಅಂದರೂ ಚೀನೀ ಮಾತು, ‘ಚಾ ಕೊಡಪ್ಪ’ ಅಂದರೂ ಚೀನೀ ಮಾತು!

ಇಂಗ್ಲಿಷರ ಕಾಲದಲ್ಲಿ ಹಾಂಗ್‌ಕಾಂಗಿನ ಪಾಶ್ಚಾತ್ಯ ಹೋಟೆಲುಗಳು ದೊರೆಗಳಿಗೆ, ಅವರ ಜೊತೆ ವ್ಯಾಪಾರ ಮಾಡುವ ಸಾಹುಕಾರರಿಗೆ ಮೀಸಲು. ಬೆಣ್ಣೆ ಹಚ್ಚಿದ ಬ್ರೆಡ್ಡು, ಹಾಲು ಹಾಕಿದ ಚಹಾ, ಕಾಫಿ ಎಲ್ಲವೂ ಬೀದಿಯವನಿಗೆ ಕಿಟಕಿಯಾಚೆಯ ನೋಟ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಅದರಲ್ಲೂ 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ, ಗಂಟುಮೂಟೆ ಕಟ್ಟಿಕೊಂಡು ಹಾಂಗ್‌ಕಾಂಗಿಗೆ ಬಂದವರು ಲಕ್ಷಾಂತರ ಮಂದಿ. ಕಾರ್ಖಾನೆಗಳು ಎದ್ದವು, ಕೂಲಿ ಸಿಕ್ಕಿತು, ಹೊಟ್ಟೆ ಕೇಳಿತು. ದೊರೆಗಳ ತಿಂಡಿಯನ್ನು ಕೂಲಿಯವನ ದರಕ್ಕೆ ಕೊಟ್ಟರೆ ಹೇಗೆ ಎಂದು ಯೋಚಿಸಿದ ಚೀನೀ ಹೋಟೆಲಿನವರು ತೆರೆದ ಅಂಗಡಿಯೇ ಈ ಚಾ ಚಾನ್ ತೆಂಗ್.

ಅದಕ್ಕೂ ಮುಂಚೆ ‘ಪಿಂಗ್ ಸಾತ್’, ಅಂದ್ರೆ ಐಸಿನ ಕೋಣೆ ಎಂಬ ಸಣ್ಣ ಅಂಗಡಿಗಳಿದ್ದವು. ತಂಪು ಪಾನೀಯ, ಚಹಾ, ಬನ್ನು, ಅಷ್ಟೆ. ಅವಕ್ಕಿದ್ದ ಲೈಸೆನ್ಸು ಹಗುರ ತಿಂಡಿಗೆ ಮಾತ್ರ. ಅನ್ನ ಮಾಡಿ ಬಡಿಸುವಂತಿಲ್ಲ. ಪೂರಾ ಹೋಟೆಲು ಲೈಸೆನ್ಸು ಪಡೆದ ಚಾ ಚಾನ್ ತೆಂಗ್ ಅನ್ನ, ನೂಡಲ್ಸು, ಸೂಪು, ಬ್ರೆಡ್ಡು, ಚಹಾ ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟಿತು. ಬೆಳಗ್ಗೆ ತೆರೆದ ಬಾಗಿಲು ರಾತ್ರಿ ಊಟದ ತನಕ ಮುಚ್ಚುವ ಹಾಗಿಲ್ಲ.

ಮೇಜು ಒಬ್ಬರದಲ್ಲ

ಒಳಗೆ ಕಾಲಿಟ್ಟ ಹೊಸ ಗಿರಾಕಿಗೆ ಮೊದಲ ಆಶ್ಚರ್ಯ ಕೂರುವ ಜಾಗದಲ್ಲೇ ಕಾದಿರುತ್ತದೆ. ‘ಎಷ್ಟು ಜನ?’ ಎಂದು ಮಾಣಿ ದೂರದಿಂದಲೇ ಕೂಗುತ್ತಾನೆ. ಒಂದು ಬೆರಳು ತೋರಿಸಿದರೆ, ಈಗಾಗಲೇ ಮೂವರು ತಿನ್ನುತ್ತಿರುವ ಮೇಜಿನತ್ತ ಕೈ ಮಾಡಿ ‘ಅಲ್ಲಿ ಕೂತ್ಕೊಳ್ಳಿ’ ಎನ್ನುತ್ತಾನೆ. ಗುರುತು ಪರಿಚಯ ಇಲ್ಲದವರ ಎದುರು ಕೂತು ತಿನ್ನುವ ಈ ಪದ್ಧತಿಗೆ ‘ತಾಪ್ ತೊಯ್’ ಎಂದು ಹೆಸರು. ಯಾರೂ ಮುಖ ಸಿಂಡರಿಸುವುದಿಲ್ಲ, ಯಾರೂ ಮಾತನಾಡಿಸುವುದೂ ಇಲ್ಲ. ತಮ್ಮ ತಟ್ಟೆ ತಮಗೆ.

ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ದರಪಟ್ಟಿ. ಕೂತ ಕೂಡಲೇ ಒಂದು ಲೋಟ ತೆಳು ಚಹಾ ಬಂದು ಕುಳಿತುಕೊಳ್ಳುತ್ತದೆ. ಇದಕ್ಕೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಕೆಲವರು ಕುಡಿಯುತ್ತಾರೆ, ಕೆಲವರು ಚಮಚ, ಕಡ್ಡಿ ಅದ್ದಿ ತೊಳೆದುಕೊಳ್ಳುತ್ತಾರೆ. ಮಾಣಿಗೆ ಎರಡೂ ಒಂದೇ. ಕೈ ಒರೆಸುವ ಕಾಗದ ಕೆಲವು ಕಡೆ ಸಿಗುವುದಿಲ್ಲ. ಬಲ್ಲವರು ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಾರೆ. ತಿಂದವನು ಚೀಟಿ ಹಿಡಿದು ಬಾಗಿಲ ಬಳಿಯ ಗಲ್ಲಾಕ್ಕೆ ಹೋಗಿ ದುಡ್ಡು ಕೊಡಬೇಕು. ದೊಡ್ಡ ಹೋಟೆಲುಗಳು ಬಿಲ್ಲಿನ ಮೇಲೆ ನೂರಕ್ಕೆ 10ರಂತೆ ಸೇವಾ ಶುಲ್ಕ ಹಾಕುತ್ತವೆ. ಚಾ ಅಂಗಡಿಯಲ್ಲಿ ಸಾಮಾನ್ಯವಾಗಿ ಆ ರಗಳೆ ಇಲ್ಲ. ನಗುವಿಗೆ ದುಡ್ಡಿಲ್ಲ, ಹಾಗಾಗಿ ನಗುವೂ ಇಲ್ಲ ಎಂದು ತಮಾಷೆ ಮಾಡಬಹುದು.

ಜೋರ್ಡನ್ ಎಂಬ ಬಡಾವಣೆಯಲ್ಲಿ ‘ಆಸ್ಟ್ರೇಲಿಯಾ ಡೈರಿ ಕಂಪನಿ’ ಎಂಬ ಅಂಗಡಿ ಇದೆ. ಹೆಸರು ಕೇಳಿ ಹಾಲಿನ ಡೈರಿ ಎಂದುಕೊಂಡು ಹೋದವರಿಗೆ ಮೊಟ್ಟೆ, ಬ್ರೆಡ್ಡು, ಚಹಾ ಎದುರಾಗುತ್ತದೆ. ಈ ಅಂಗಡಿ ಮೊಟ್ಟೆಗೆ ಎಷ್ಟು ಪ್ರಸಿದ್ಧವೋ ವೇಗಕ್ಕೂ ಅಷ್ಟೇ ಪ್ರಸಿದ್ಧ. ಹೊರಗೆ ಸಾಲು ಎಷ್ಟುದ್ದ ಇದ್ದರೂ ಅದು ಕರಗುತ್ತಲೇ ಇರುತ್ತದೆ. ಒಳಗೆ ಕೂತವನಿಗೆ ಪೇಪರ್ ಬಿಡಿಸಿ ಓದುವ ಧೈರ್ಯ ಬರುವುದಿಲ್ಲ.

ಕುರ್ಚಿಯ ಲೆಕ್ಕ

ಇದು ಒರಟುತನವಲ್ಲ, ಗಣಿತ. ಲೆಕ್ಕಕ್ಕೆಂದು ಒಂದು ಅಂಗಡಿಯಲ್ಲಿ 40 ಕುರ್ಚಿ ಇವೆ ಎನ್ನೋಣ. ಮಧ್ಯಾಹ್ನದ ಊಟದ ಭರಾಟೆ 2 ಗಂಟೆ. ಒಬ್ಬೊಬ್ಬ ಗಿರಾಕಿ ಒಂದು ಗಂಟೆ ಕೂತರೆ ಆ ಹೊತ್ತಿನಲ್ಲಿ ಊಟ ಮಾಡುವವರು 80 ಜನ. 20 ನಿಮಿಷಕ್ಕೆ ಎದ್ದರೆ 240 ಜನ. ಬಾಡಿಗೆ ಅದೇ, ಒಲೆ ಅದೇ, ಮಾಣಿಗಳ ಸಂಬಳ ಅದೇ. ಗಿರಾಕಿ ಮೂರು ಪಟ್ಟು. ಖಾಲಿ ಕುರ್ಚಿ ಬಿಟ್ಟರೆ ಈ ಲೆಕ್ಕ ಕೆಡುತ್ತದೆ. ಆದ್ದರಿಂದಲೇ ಒಂಟಿ ಗಿರಾಕಿಯನ್ನು ಇನ್ನೊಬ್ಬರ ಮೇಜಿಗೆ ಕೂರಿಸುವುದು. ಬಾಡಿಗೆಯ ಭಾರವನ್ನು ದರದ ಮೇಲೆ ಪೂರ್ತಿ ಹೇರದೆ ಗಡಿಯಾರದ ಮೇಲೆ ಹೇರಿದ ಉಪಾಯ ಇದು.

ಗಿರಾಕಿಗೂ ಇದು ಬೇಕಾದದ್ದೇ. ಆಫೀಸಿನವನಿಗೆ ಊಟಕ್ಕೆ ಒಂದೇ ಗಂಟೆ ಬಿಡುವು. ಲಿಫ್ಟ್ ಇಳಿಯುವುದು, ಹತ್ತುವುದು, ರಸ್ತೆ ದಾಟುವುದು ಎಲ್ಲ ಅದರಲ್ಲೇ ಆಗಬೇಕು. ಮಾಣಿ ನಯವಾಗಿ ಕುಶಲ ವಿಚಾರಿಸುತ್ತ ನಿಂತರೆ ಅವನ ಸಂಬಳಕ್ಕೇ ಕುತ್ತು.

ಅಂದಮಾತ್ರಕ್ಕೆ ಇಬ್ಬರ ನಡುವೆ ಸಲಿಗೆಯೇ ಇಲ್ಲ ಎಂದಲ್ಲ. ಗಿರಾಕಿ ಮಾಣಿಯನ್ನು ‘ಫೋ ಗೇ’ ಎಂದು ಕೂಗುತ್ತಾನೆ. ಅಂಗಡಿಯ ಜೊತೆಗಾರ ಎಂಬ ಧಾಟಿಯ ಮಾತು. ಮಾಣಿ ಗಿರಾಕಿಯನ್ನು ‘ಲೆಂಗ್ ಜಾಯ್’ ಎನ್ನುತ್ತಾನೆ. ಅಂದ್ರೆ ಚೆಲುವ! ಅರವತ್ತು ದಾಟಿ ತಲೆ ಬೋಳಾದವನೂ ಅಲ್ಲಿ ಚೆಲುವನೇ.

ಸಕ್ಕರೆ ಹಾರಲಿ, ಹಾಲು ಓಡಲಿ

ವೇಗಕ್ಕಾಗಿಯೇ ಈ ಅಂಗಡಿಗಳಲ್ಲಿ ಒಂದು ಗುಟ್ಟಿನ ಭಾಷೆ ಬೆಳೆದಿದೆ. ‘ಫೇ ಸಾ ಜಾವ್ ನಾಯ್’ ಎಂದು ಮಾಣಿ ಕೂಗಿದರೆ ‘ಮರಳು ಹಾರಲಿ, ಹಾಲು ಓಡಲಿ’ ಎಂದರ್ಥ. ಮರಳೆಂದರೆ ಸಕ್ಕರೆ, ಸಕ್ಕರೆ, ಹಾಲು ಎರಡೂ ಇಲ್ಲದ ಕಾಫಿ. (‘ನಾಯ್’ ಎಂದರೆ ಅಲ್ಲಿ ಹಾಲು. ಕನ್ನಡದ ಕಿವಿಗೆ ಬೇರೇನೋ ಕೇಳಿಸಿದರೆ ಅದಕ್ಕೆ ಹಾಂಗ್‌ಕಾಂಗಿನವರು ಹೊಣೆಯಲ್ಲ!) ‘ಹಾಂಗ್ ಗಾಯ್’, ಅಂದ್ರೆ ‘ಬೀದಿ ಸುತ್ತೋದು’ ಎಂದರೆ ಪಾರ್ಸೆಲ್. ‘ಚೆಲುವ’ ಒಂದು ಎಂದು ಅಡುಗೆಮನೆಗೆ ಕೂಗಿದರೆ ಬರಿ ಬಿಳಿ ಅನ್ನ. ‘ಚೆಲುವೆ’ ಎಂದರೆ ಬರಿ ಗಂಜಿ. ನಿಂಬೆ ಎಂಬ ಮಾತಿಗೂ ಸೊನ್ನೆ ಎಂಬ ಮಾತಿಗೂ ಅಲ್ಲಿ ಉಚ್ಚಾರ ಹತ್ತಿರ. ಆದ್ದರಿಂದ ಚೀಟಿಯ ಮೇಲೆ ಒಂದು ಸೊನ್ನೆ, ಪಕ್ಕದಲ್ಲಿ ‘ಟಿ’ ಎಂಬ ಇಂಗ್ಲಿಷ್ ಅಕ್ಷರ ಗೀಚಿದರೆ ನಿಂಬೆ ಚಹಾ ಬಂತೆಂದೇ ಲೆಕ್ಕ.

ತಿಂಡಿಗೂ ಹೆಸರಿಗಿಂತ ಅಕ್ಷರ ಲೇಸು. ‘ಎ ಸೆಟ್’, ‘ಬಿ ಸೆಟ್’ ಎಂದರೆ ಆಯಿತು. ಬೆಳಗಿನ ಸೆಟ್ಟಿನಲ್ಲಿ ಸೂಪಿನಲ್ಲಿ ಮುಳುಗಿದ ಮ್ಯಾಕರೋನಿ, ಮೇಲೆ ಹಂದಿಮಾಂಸದ ಹ್ಯಾಮ್ ಚೂರು, ಪಕ್ಕದಲ್ಲಿ ಮೊಟ್ಟೆ, ಬೆಣ್ಣೆ ಹಚ್ಚಿದ ಟೋಸ್ಟು, ಜೊತೆಗೆ ಚಹಾ ಅಥವಾ ಕಾಫಿ. ಇಟಲಿಯ ಮ್ಯಾಕರೋನಿ, ಇಂಗ್ಲಿಷರ ಟೋಸ್ಟು, ಚೀನೀ ಸಾರು! ರಷ್ಯಾದಿಂದ ಶಾಂಘೈಗೆ ಓಡಿಬಂದವರ ಬೋರ್ಷ್ ಸೂಪು ಶಾಂಘೈಯವರ ಜೊತೆ ಹಾಂಗ್‌ಕಾಂಗಿಗೆ ಬಂದು, ಬೀಟ್‌ರೂಟ್ ಕಳೆದುಕೊಂಡು ಟೊಮೆಟೊ, ಎಲೆಕೋಸಿನ ಸಾರಾಯಿತು. ದನದ ಮಾಂಸದ ‘ಕರಿ’ ಅನ್ನವೂ ಪಟ್ಟಿಯಲ್ಲಿ ಉಂಟು.

ಸಸ್ಯಾಹಾರಿಗಳಿಗೆ ಇಲ್ಲಿ ಎಚ್ಚರಿಕೆ ಹೇಳಲೇಬೇಕು. ಸೂಪು ಎಂದರೆ ಮಾಂಸದ್ದೇ ಎಂದು ತಿಳಿಯುವುದು ಕ್ಷೇಮ. ‘ಪೋಲೋ ಪಾವ್’ ಎಂಬ ಅನಾನಸ್ ಬನ್ನಿನಲ್ಲಿ ಅನಾನಸ್ ಇರುವುದಿಲ್ಲ. ಸಕ್ಕರೆ, ಮೊಟ್ಟೆ, ಹಿಟ್ಟು, ಕೊಬ್ಬು ಕಲಸಿ ಮೇಲೆ ಹಚ್ಚಿದ ಪದರ ಬೆಂದು ಬಿರಿದು ಅನಾನಸ್ ಸಿಪ್ಪೆಯ ಹಾಗೆ ಕಾಣುತ್ತದೆ, ಅಷ್ಟೇ ಸ್ವಾಮಿ. ಆ ಕೊಬ್ಬು ಹಂದಿಯದೂ ಆಗಿರಬಹುದು. ಬಿಸಿ ಬನ್ನಿನ ನಡುವೆ ಬೆರಳುದಪ್ಪದ ತಣ್ಣನೆ ಬೆಣ್ಣೆ ಇಟ್ಟು ಕೊಡುವುದು ಅಲ್ಲಿನವರಿಗೆ ಪ್ರಾಣ. ಬರಿ ಟೋಸ್ಟು, ಚಹಾ ಸಾಕೆನ್ನುವವರಿಗೆ ಭಯವಿಲ್ಲ.

ಕಾಲುಚೀಲದ ಚಹಾ

ಅಂಗಡಿಯ ಮಾನ ನಿಂತಿರುವುದು ಹಾಲು ಹಾಕಿದ ಚಹಾದ ಮೇಲೆ. ಅದಕ್ಕೆ ‘ರೇಷ್ಮೆ ಕಾಲುಚೀಲದ ಚಹಾ’ ಎಂದು ಅಡ್ಡಹೆಸರು. ಕಾಲುಚೀಲ ಯಾರೂ ಹಾಕುವುದಿಲ್ಲ, ಹೆದರಬೇಡಿ. ಉದ್ದನೆಯ ಬಟ್ಟೆಚೀಲದಲ್ಲಿ ಸೋಸಿ ಸೋಸಿ ಆ ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಹೆಂಗಸರ ರೇಷ್ಮೆ ಕಾಲುಚೀಲದಂತೆ ಕಾಣುವುದರಿಂದ ಆ ಹೆಸರು. ಪುಡಿ ಸಿಲೋನಿನದು, ಅಂದರೆ ಶ್ರೀಲಂಕಾದ್ದು. ಒಂದೇ ಬಗೆಯದಲ್ಲ, ಪರಿಮಳಕ್ಕೆ ದಪ್ಪ ಎಲೆ, ಬಣ್ಣಕ್ಕೆ, ಕಡುಪಿಗೆ ಸಣ್ಣ ಪುಡಿ. ಯಾವುದು ಎಷ್ಟು ಎಂಬುದು ಯಜಮಾನನ ಗುಟ್ಟು. ಕುದಿದ ಚಹಾವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಮತ್ತೆ ಮತ್ತೆ ಹೊಯ್ದು, ಕೊನೆಗೆ ಡಬ್ಬಿಯ ಗಟ್ಟಿ ಹಾಲಿಗೆ ಬೆರೆಸುತ್ತಾರೆ. ತಣ್ಣನೆಯ ಚಹಾ ಬೇಕೆಂದರೆ ಎರಡು ಮೂರು ಡಾಲರ್ ಜಾಸ್ತಿ. ಐಸು ಕರಗಿ ನೀರಾಗುವುದರಿಂದ ಡಿಕಾಕ್ಷನ್ ಗಟ್ಟಿ ಬೇಕು ಎಂಬುದು ಅಂಗಡಿಯವರ ಸಮಜಾಯಿಷಿ.

ಸೆಂಟ್ರಲ್ ಬಡಾವಣೆಯ ಗೇಜ್ ಸ್ಟ್ರೀಟಿನಲ್ಲಿ 1952ರಲ್ಲಿ ಶುರುವಾದ ‘ಲಾನ್ ಫೋಂಗ್ ಯುನ್’ ಅಂಗಡಿಯೇ ಈ ಚಹಾದ ತವರು ಎಂಬ ಮಾತಿದೆ. ಕಾಫಿ, ಚಹಾ ಎರಡನ್ನೂ ಒಂದೇ ಲೋಟಕ್ಕೆ ಸುರಿದ ‘ಯೂನ್‌ಯೊಂಗ್’ ಎಂಬ ಪಾನೀಯವೂ ಅಲ್ಲಿಯದೇ ಎನ್ನುವವರುಂಟು. ಯೂನ್‌ಯೊಂಗ್ ಎಂದರೆ ಜೋಡಿ ಬಾತುಕೋಳಿ. ಚೀನಾದಲ್ಲಿ ಗಂಡ ಹೆಂಡಿರ ಅನ್ಯೋನ್ಯಕ್ಕೆ ಗುರುತು. ಹಾಲಿನ ಚಹಾ ಮಾಡುವ ಈ ಕೈಚಳಕವನ್ನು ಹಾಂಗ್‌ಕಾಂಗ್ ಸರ್ಕಾರ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2017ರಲ್ಲಿ ಅದನ್ನು ಆಯ್ದ 20 ಬಾಬತ್ತುಗಳಲ್ಲಿ ಒಂದಾಗಿ ಮೇಲಿಟ್ಟಿತು. ಪರಂಪರೆ ಎಂದು ಸರ್ಕಾರ ಬರೆದುಕೊಂಡರೆ ಸಂತೋಷವೇ. ಅದರಿಂದ ಅಂಗಡಿಯ ಬಾಡಿಗೆ ಮಾತ್ರ ಇಳಿಯುವುದಿಲ್ಲ.

ಮೂರೂ ಕಾಲರ ಚಹಾ

ಕಟ್ಟಡ ಕೆಲಸದವರಿಗೆ ಮಧ್ಯಾಹ್ನದ ಚಹಾ ಹಕ್ಕಿದ್ದ ಹಾಗೆ. ಅದಕ್ಕೆ ‘ಸಾಮ್ ತಿಮ್ ಸಾಮ್’ ಎಂದು ಹೆಸರು, ಅಂದರೆ ‘ಮೂರು ಗಂಟೆ ಮೂರು’. ಗಡಿಯಾರದ ದೊಡ್ಡ ಮುಳ್ಳು 3ರ ಮೇಲೆ ಬಂದಾಗ, ಅಂದರೆ ಮೂರೂ ಕಾಲಿಗೆ, ಗಾರೆ ಮೆತ್ತಿದ ಬಟ್ಟೆಯಲ್ಲೇ ಕೆಲಸಗಾರರು ಬಂದು ಕೂರುತ್ತಾರೆ. ಊಟದ ಭರಾಟೆ ಇಳಿದು ರಾತ್ರಿಯ ಭರಾಟೆ ಏರುವ ತನಕ ಕುರ್ಚಿ ಖಾಲಿ ಇರುವ ಹೊತ್ತು ಅದು. ಅದಕ್ಕೇ ಅಂಗಡಿಯವರು ಆ ಹೊತ್ತಿಗೆ ಕಡಿಮೆ ದರದ ಸೆಟ್ ಇಟ್ಟಿರುತ್ತಾರೆ. ಗಿರಾಕಿಗೂ ಲಾಭ, ಯಜಮಾನನಿಗೂ ನಷ್ಟವಿಲ್ಲ.

ದರದ ಮಾತು ಬಂತಲ್ಲ. ಇತ್ತೀಚಿನ ವರ್ಷಗಳಲ್ಲಿ ಒಂದು ಸೆಟ್ಟಿಗೆ 40ರಿಂದ 60 ಹಾಂಗ್‌ಕಾಂಗ್ ಡಾಲರಿನ ಆಸುಪಾಸು. 2025ರಲ್ಲಿ ಒಂದು ಡಾಲರಿಗೆ ಸುಮಾರು 11 ರೂಪಾಯಿ ಇತ್ತು. ತಿಂಡಿಗೆ ನಾನೂರು ಐನೂರು ರೂಪಾಯಿಯೇ ಎಂದು ಹುಬ್ಬೇರಿಸುವ ಮುಂಚೆ ಅಲ್ಲಿನ ಕೂಲಿ ನೋಡಬೇಕು. 2011ರಲ್ಲಿ ಮೊದಲ ಸಲ ಕನಿಷ್ಠ ಕೂಲಿ ಕಾನೂನು ಬಂದಾಗ ಗಂಟೆಗೆ 28 ಡಾಲರ್ ಇತ್ತು. 2025ರ ಮೇ 1ರಿಂದ ಅದು 42.1 ಡಾಲರ್ ಆಯಿತು. ಅಂದರೆ ತೀರಾ ಕೆಳಗಿನ ಕೂಲಿಯವನ ಒಂದು ಗಂಟೆಯ ದುಡಿಮೆಗೆ ಒಂದು ಬೆಳಗಿನ ಸೆಟ್. ಕೂಲಿ ಏರಿದಾಗ ಗಿರಾಕಿಯ ಜೇಬು ತುಂಬುತ್ತದೆ, ಅದೇ ದಿನ ಮಾಣಿಯ ಸಂಬಳವೂ ಏರುತ್ತದೆ. ಯಜಮಾನ ಎರಡರ ನಡುವೆ.

ಎರಡು ದಿನದ ಪಾಠ

ಇಂಥ ಅಂಗಡಿ ಕೊಡುವುದು ತಿಂಡಿ ಮಾತ್ರವೇ? ಅಲ್ಲ ಎಂಬುದನ್ನು 2020ರ ಜುಲೈ ತಿಂಗಳ ಎರಡು ದಿನ ಇಡೀ ಊರಿಗೆ ಕಲಿಸಿದವು. ಕೋವಿಡ್ ಮೂರನೆಯ ಸಲ ತಲೆಯೆತ್ತಿತೆಂದು ಜುಲೈ 29ರಿಂದ ಹೋಟೆಲುಗಳಲ್ಲಿ ಕೂತು ತಿನ್ನುವುದನ್ನು ಸರ್ಕಾರ ದಿನವಿಡೀ ನಿಷೇಧಿಸಿತು. ಪಾರ್ಸೆಲ್ ತೆಗೆದುಕೊಂಡು ಹೋಗಬಹುದು ಎಂದಿತು. ಎಲ್ಲಿಗೆ ಹೋಗುವುದು? ಆಫೀಸಿನವನಿಗೆ ಆಫೀಸಿನ ಮೇಜು ಉಂಟು. ರಸ್ತೆ ಅಗೆಯುವವನಿಗೆ, ಕಟ್ಟಡದವನಿಗೆ, ಸಾಮಾನು ಹೊರುವವನಿಗೆ, ಗುಡಿಸುವವಳಿಗೆ?

ಅಂದು ಕೆಲಸಗಾರರು ಫುಟ್‌ಪಾತಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಿಸಿಲಿನಲ್ಲಿ ಬೆವರುತ್ತ, ಮಳೆಗೆ ನೆನೆಯುತ್ತ ಡಬ್ಬಿಯ ಅನ್ನ ತಿಂದ ಚಿತ್ರಗಳು ಊರೆಲ್ಲ ಹರಡಿದವು. ಜನ ರೇಗಿದರು. ಸರ್ಕಾರ ಗಡಿಬಿಡಿಯಲ್ಲಿ ಸಮುದಾಯ ಭವನಗಳ ಬಾಗಿಲು ತೆಗೆಸಿ ಇಲ್ಲಿ ಕೂತು ತಿನ್ನಿ ಎಂದಿತು. ಅದೂ ಸಾಲದಾಗಿ ಜುಲೈ 31ರಿಂದ ಹಗಲು ಹೊತ್ತಿನ ನಿಷೇಧ ವಾಪಸ್ ಪಡೆಯಿತು. ಮೇಜಿಗೆ ಇಬ್ಬರು, ಅರ್ಧ ಕುರ್ಚಿ ಮಾತ್ರ ಎಂಬ ಷರತ್ತಿನ ಮೇಲೆ ಬಾಗಿಲು ತೆರೆಯಿತು.

ದೊಡ್ಡ ಹೋಟೆಲು ಮುಚ್ಚಿದರೆ ಔತಣ ನಿಲ್ಲುತ್ತದೆ. ಸಣ್ಣ ಹೋಟೆಲು ಮುಚ್ಚಿದರೆ ದುಡಿಯುವವನು ಕೂರಲು ಜಾಗವಿಲ್ಲದೆ ಬೀದಿಯಲ್ಲಿ ನಿಲ್ಲುತ್ತಾನೆ. ಫ್ಯಾನಿನ ಕೆಳಗೆ 20 ನಿಮಿಷ, ಎದುರಿಗೊಂದು ಮೇಜು, ತಲೆಯ ಮೇಲೊಂದು ಸೂರು: ಮಾಣಿ ನಗದಿದ್ದರೂ ಚಾ ಅಂಗಡಿ ಮಾರುತ್ತಿದ್ದುದು ಅದನ್ನೇ.

ಬಾಡಿಗೆ, ವಯಸ್ಸು, ಗಡಿಯಾಚೆಯ ದರ

ನಿಷೇಧವೇನೋ ಹೋಯಿತು. ಆದರೆ 2022ರ ಏಪ್ರಿಲ್‌ವರೆಗೂ ಹಲವು ಸಲ ಸಂಜೆ 6ರ ಮೇಲೆ ಕೂತು ತಿನ್ನುವುದಕ್ಕೆ ತಡೆ ಬರುತ್ತಲೇ ಇತ್ತು. ಅರ್ಧ ಕುರ್ಚಿಗೆ ಅರ್ಧ ಬಾಡಿಗೆ ಎನ್ನುವ ಕಾನೂನಿಲ್ಲವಲ್ಲ! ಯಾವು ಮಾ ತೇ ಬಡಾವಣೆಯಲ್ಲಿ 1950ರಿಂದ ನಡೆಯುತ್ತಿದ್ದ ‘ಮಿಡೋ ಕೆಫೆ’ 2022ರ ಜುಲೈನಲ್ಲಿ ಬಾಗಿಲು ಹಾಕಿದಾಗ ಊರಿಗೆ ಊರೇ ಮರುಗಿತು. ಅದೃಷ್ಟಕ್ಕೆ 2023ರಲ್ಲಿ ಅದು ಮತ್ತೆ ತೆರೆಯಿತು. ಎಲ್ಲ ಅಂಗಡಿಗಳಿಗೂ ಆ ಅದೃಷ್ಟವಿಲ್ಲ.

2023ರ ಫೆಬ್ರವರಿಯಲ್ಲಿ ಚೀನಾದ ಗಡಿ ಪೂರ್ತಿ ತೆರೆದ ಮೇಲೆ ಇನ್ನೊಂದು ಪೆಟ್ಟು. ಗಡಿಯಾಚೆ ಶೆನ್‌ಝೆನ್ ನಗರದಲ್ಲಿ ಊಟ ಅಗ್ಗ, ಉಪಚಾರ ಜಾಸ್ತಿ. ರೈಲು ಹತ್ತಿದರೆ ಹತ್ತಿರ. ಶನಿವಾರ, ಭಾನುವಾರ ಬಂದರೆ ಹಾಂಗ್‌ಕಾಂಗಿನ ಸಂಸಾರಗಳು ಆ ಕಡೆ ಹೊರಡುವುದು ರೂಢಿಯಾಯಿತು. ಇತ್ತ ಅಡುಗೆಮನೆಯಲ್ಲಿ ಕೈ ಪಳಗಿದವರಿಗೆ ವಯಸ್ಸಾಗಿದೆ. ಬೆಳಗಿನ ಜಾವ ಎದ್ದು ಚಹಾ ಹೊಯ್ಯುವ ಕೆಲಸಕ್ಕೆ ಮಕ್ಕಳು ಬರುವುದಿಲ್ಲ.

ಸಣ್ಣದು ದೊಡ್ಡದಾದ ಉದಾಹರಣೆಯೂ ಇದೆ. 1967ರಲ್ಲಿ ಮಾಂಗ್ ಕಾಕ್‌ನಲ್ಲಿ ಐಸಿನ ಕೋಣೆಯಾಗಿ ಶುರುವಾದ ‘ತ್ಸುಯ್ ವಾಹ್’ ಹಲವಾರು ಶಾಖೆ ತೆರೆದು 2012ರಲ್ಲಿ ಷೇರು ಮಾರುಕಟ್ಟೆಗೇ ಏರಿತು. ಹಾಗೆಂದು ಎಲ್ಲರೂ ಷೇರು ಮಾರಲು ಹೊರಟರೆ ಮೂಲೆಯಂಗಡಿಯ ಚಹಾ ಯಾರು ಮಾಡಬೇಕು?

ಬೀದಿಯ ಮೇಲೆ ಒಲೆ ಹೂಡಿ ಮಾರುವ ‘ತಾಯ್ ಪಾಯ್ ತೋಂಗ್’ ಗಾಡಿಗಳ ಗತಿ ಎದುರಿಗೇ ಇದೆ. ಯುದ್ಧದ ನಂತರ, ಸತ್ತ ಅಥವಾ ಗಾಯಗೊಂಡ ನೌಕರರ ಸಂಸಾರಗಳು ಬದುಕಲೆಂದು ಸರ್ಕಾರವೇ ಕೊಟ್ಟ ಲೈಸೆನ್ಸು ಅದು. 1956ರ ಮೇಲೆ ಹೊಸದಾಗಿ ಕೊಡಲಿಲ್ಲ. ಇದ್ದ ಲೈಸೆನ್ಸೂ ಮುಂದೆ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಮಾತ್ರ ಹೋಗಬಹುದು ಎಂದಾಯಿತು, ಮಕ್ಕಳಿಗಿಲ್ಲ. ಕೆಲವು ಮಾರುಕಟ್ಟೆ ಕಟ್ಟಡಗಳೊಳಗೆ ಸೇರಿದವು. ಬೀದಿಯಲ್ಲಿ ಇಂದು ಉಳಿದಿರುವವು ಬೆರಳೆಣಿಕೆಯಷ್ಟು. ಮುಚ್ಚಿ ಎಂದು ಯಾರೂ ಒಂದೇ ದಿನ ಆಜ್ಞೆ ಮಾಡಲಿಲ್ಲ. ಕಾನೂನು ಸುಮ್ಮನೆ ಕಾಯಿತು, ಮುದುಕರು ಒಬ್ಬೊಬ್ಬರಾಗಿ ಹೋದರು.

ಚಾ ಚಾನ್ ತೆಂಗ್‌ಗೆ ಆ ಸ್ಥಿತಿ ಬಂದಿಲ್ಲ. ಇಂದಿಗೂ ಬೆಳಗ್ಗೆ ಹಾಂಗ್‌ಕಾಂಗಿನ ಬಸ್ಸು, ರೈಲು ಹಿಡಿಯುವ ಮುಂಚೆ ಜನ ಅಲ್ಲಿ ಕೂರುತ್ತಾರೆ, ತಿನ್ನುತ್ತಾರೆ, ಏಳುತ್ತಾರೆ. ಆದರೆ ಹೊಯ್ದು ಹೊಯ್ದು ಹದ ಮಾಡಿದ ಚಹಾಕ್ಕೆ ಪಟ್ಟಿಯಲ್ಲಿ ಜಾಗ ಕೊಟ್ಟ ಸರ್ಕಾರ, ಅದನ್ನು ಕುಡಿಯುವವನು ಕೂರುವ ಕುರ್ಚಿಯ ಲೆಕ್ಕವನ್ನೂ ನೋಡಬೇಕಾಗಿದೆ. ಗಡಿಯಾರದ ಮುಳ್ಳನ್ನು ಎಷ್ಟು ಓಡಿಸಿದರೂ ಗಂಟೆಗೆ ಇರುವುದು 60 ನಿಮಿಷವೇ. ಬಾಡಿಗೆಗೆ ಮಾತ್ರ ಅಂಥ ಮಿತಿ ಇಲ್ಲ.